ಘಟ್ಟ ಹತ್ತುವಾಗ ಮಾತ್ರ ಕುದಿಯುವ 97ರ ಮಾರುತಿ 800: ಮೂರು ಸಲ ಗ್ಯಾರೇಜಿಗೆ ಹೋಗಿಯಾಯ್ತು, ಇನ್ನೇನು ಮಾಡ್ಲಿ?

ಹಳೇಗಾಡಿ_ತುಮಕೂರು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಗಾಡಿ ಅಪ್ಪನ ಕಾಲದ್ದು. 1997ರ ಮಾರುತಿ 800, ಕಾರ್ಬುರೇಟರ್, ನಾಲ್ಕು ಗೇರು, ಎಸಿ ಇಲ್ಲ. ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗಿದ್ವಿ. ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಚಾರ್ಮಾಡಿ ಹತ್ತುವಾಗ ಅರ್ಧ ದಾರಿಗೆ ಬಿಸಿ ತೋರಿಸೋ ಮುಳ್ಳು ಮೇಲಕ್ಕೆ ಹೋಯ್ತು, ಆಮೇಲೆ ಬಾನೆಟ್ ಸಂದಿಯಿಂದ ಹಬೆ. ಒಂದು ಗಂಟೆ ರಸ್ತೆ ಪಕ್ಕದಲ್ಲಿ ಕೂತ್ವಿ. ಲಾರಿಯವರೊಬ್ಬರು ಎರಡು ಬಾಟಲ್ ನೀರು ಕೊಟ್ಟರು, ಹೇಗೋ ಕೊಟ್ಟಿಗೆಹಾರ ಮುಟ್ಟಿದ್ವಿ.

ಊರಿಗೆ ಬಂದು ಗ್ಯಾರೇಜಿಗೆ ಬಿಟ್ಟೆ. ಅವರು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಹಾಕಿದರು, "ನಮ್ಮ ಬಿಸಿಲಿಗೆ ಇದೆಲ್ಲ ಯಾಕೆ ಸಾರ್" ಅಂದರು. ರೇಡಿಯೇಟರ್ ಫ್ಯಾನಿಗೆ ಡೈರೆಕ್ಟ್ ವೈರ್ ಎಳೆದು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಕೊಟ್ಟರು. ಹಳೇ ನೀರು ಚೆಲ್ಲಿ ಹಸಿರು ಕೂಲೆಂಟ್ ತುಂಬಿಸಿದರು. ಮೂರು ಸಲ ಓಡಾಡಿದ್ದಕ್ಕೆ ಒಟ್ಟು 3,800 ರೂಪಾಯಿ. ಮೊನ್ನೆ ಭಾನುವಾರ ಪರೀಕ್ಷೆಗೆ ಅಂತ ದೇವರಾಯನದುರ್ಗ ಹತ್ತಿಸಿದೆ. ಮೊದಲಿಗಿಂತ ಬೇಗ ಬಿಸಿಯಾಯ್ತು! ಊರೊಳಗೆ ಓಡಾಡಿದರೆ ಮುಳ್ಳು ಅರ್ಧಕ್ಕಿಂತ ಕೆಳಗೇ ಇರುತ್ತೆ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ, ಆದರೆ ವಾರಕ್ಕೆ ಕಾಲು ಲೀಟರ್ ನೀರು ಕಮ್ಮಿ ಆಗುತ್ತೆ. ಈಗ ಅದೇ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಬೇಕು, 12 ಸಾವಿರ ಅಂತಿದ್ದಾರೆ. ಗಾಡಿ ಮಾರಿದರೆ ಎಷ್ಟು ಬರುತ್ತೆ ಅಂತ ನಿಮಗೂ ಗೊತ್ತು. ಆದರೆ ಮಾರೋ ಮನಸ್ಸಿಲ್ಲ.

ಪದ್ಮಿನಿ_ಪ್ರಿಯ
ನೆಲದ ಮೇಲೆ ನೀರಿಲ್ಲ, ಒಳಗೆ ಮಾತ್ರ ಕಮ್ಮಿ ಆಗ್ತಿದೆ ಅಂದ್ರೆ ಗ್ಯಾಸ್ಕೆಟ್ಟೇ. ನನ್ನ ಫಿಯಟ್ಟಿಗೂ ಹೀಗೇ ಆಗಿತ್ತು. ಯೋಚನೆ ಮಾಡದೆ ಹೆಡ್ ಇಳಿಸಿ.

ಗ್ರೀಸ್_ಕೈ
ಸ್ವಲ್ಪ ತಡೀರಿ, ಹೆಡ್‌ಗೆ ಯಾಕೆ ಇಷ್ಟು ಬೇಗ ಕೈ ಹಾಕ್ತೀರಾ. 30 ವರ್ಷ ಈ ಕೆಲಸ ಮಾಡಿದ್ದೇನೆ, ಈಗ ಅಂಗಡಿ ಮಗ ನೋಡ್ಕೋತಾನೆ. ಗಾಡಿ ಬಿಸಿ ಆಗುತ್ತೆ ಅಂತ ಯಾರಾದರೂ ಬಂದರೆ ನಾನು ಮೊದಲು ಬಾನೆಟ್ ಎತ್ತಲ್ಲ. ಯಾವಾಗ ಬಿಸಿ ಆಗುತ್ತೆ ಅಂತ ಕೇಳ್ತೀನಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗಿ, ಹೈವೇಗೆ ಹೋದ ಕೂಡಲೇ ಇಳಿದರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ. ಫ್ಯಾನ್, ಅದರ ಫ್ಯೂಸ್, ರಿಲೇ, ಥರ್ಮೋ ಸ್ವಿಚ್ (ಬಿಸಿ ಏರಿದಾಗ ಫ್ಯಾನ್ ತಾನಾಗೇ ಹಾಕೋ ಸ್ವಿಚ್) ನೋಡಬೇಕು. ಓಡಾಡುವಾಗ, ಲೋಡ್ ಬಿದ್ದಾಗ, ಏರಿನಲ್ಲಿ ಬಿಸಿಯಾದರೆ ನೀರು ಸರಿಯಾಗಿ ಸುತ್ತುತ್ತಿಲ್ಲ, ಇಲ್ಲಾ ರೇಡಿಯೇಟರ್ ಶಾಖ ಬಿಡ್ತಿಲ್ಲ. ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೇ ಕುದಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ನಿಮ್ಮದು ಎರಡನೇ ಜಾತಿ. ಅದಕ್ಕೆ ಫ್ಯಾನಿಗೆ ಸ್ವಿಚ್ ಹಾಕಿದ್ದು ಯಾಕೆ ಅಂತ ನನಗೆ ಅರ್ಥ ಆಗ್ಲಿಲ್ಲ.

ಒಂದು ವಿಷಯ ಕೇಳ್ತೀನಿ. ಸ್ವಿಚ್ ಹಾಕಿದ ಮೇಲೆ ಜಾಸ್ತಿ ಆಯ್ತು ಅಂದ್ರಲ್ಲ. ಇಂಜಿನ್ ಆರಿಸಿ, ಫ್ಯಾನ್ ಸ್ವಿಚ್ ಹಾಕಿ, ಮುಂದಿನ ಗ್ರಿಲ್ ಮುಂದೆ ಒಂದು ಹಳೇ ಪೇಪರ್ ಹಿಡಿದು ನೋಡಿ. ಏನಾಗುತ್ತೆ ಹೇಳಿ.

ಬಳ್ಳಾರಿ_ಬಿಸ್ಲು
ಗ್ರೀಸ್ ಅಣ್ಣಾ, ನಂದು ನೀವು ಹೇಳಿದ ಮೊದಲನೇ ಜಾತಿ ರೀ. 2004ರ ಗಾಡಿ, ಎಸಿ ಹಾಕಿ ಸಿಗ್ನಲ್‌ನಾಗ ನಿಂತ್ರ ಮುಳ್ಳು ಏರ್ತದ, ಓಡಿದ್ರ ಇಳೀತದ. ಏನ್ ನೋಡ್ಲಿ?

ಗ್ರೀಸ್_ಕೈ
@ಬಳ್ಳಾರಿ ಎಸಿ ಹಾಕಿದ ತಕ್ಷಣ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ. ಮೋಟರಿನ ಕಾರ್ಬನ್ ಸವೆದಿದ್ದರೆ ಕೋಲಿನಿಂದ ಮೆಲ್ಲಗೆ ತಟ್ಟಿದಾಗ ತಿರುಗಲು ಶುರು ಮಾಡುತ್ತೆ, ಅದೇ ಗುರುತು. ಕೈ ದೂರ ಇಟ್ಟು ತಟ್ಟಿ. ಇನ್ನೊಂದು, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡಿ, ನಿಮ್ಮ ಕಡೆ ಧೂಳು, ಹತ್ತಿ ಎಳೆ ಎಲ್ಲ ಕಂಬಳಿ ಥರ ಕೂತಿರುತ್ತೆ. ಹಿಂದಿನಿಂದ ಮುಂದಕ್ಕೆ ನೀರು ಬಿಡಿ, ಜೋರು ಪ್ರೆಷರ್ ಬೇಡ, ರೇಡಿಯೇಟರಿನ ತೆಳು ತಗಡಿನ ಫಿನ್ನು ಮಡಚಿಕೊಳ್ಳುತ್ತೆ.

ಹಳೇಗಾಡಿ_ತುಮಕೂರು
ಅಯ್ಯೋ ಗ್ರೀಸ್ ಸರ್! ಪೇಪರ್ ಹಿಡಿದೆ. ಗ್ರಿಲ್‌ಗೆ ಅಂಟಿಕೊಳ್ಳುತ್ತೆ ಅಂದ್ಕೊಂಡಿದ್ದೆ. ಸೀದಾ ನನ್ನ ಎದೆಗೆ ಬಂದು ಬಡೀತು. ಫ್ಯಾನ್ ಗಾಳಿ ಮುಂದಕ್ಕೆ ತಳ್ತಾ ಇದೆ!! ಹೆಂಡತಿ ಬಾಗಿಲಲ್ಲಿ ನಿಂತು ನಗ್ತಿದ್ದಳು, ಇದೇನು ಗಾಡಿಗೆ ಪೇಪರ್ ಓದಿಸ್ತಿದ್ದೀರಾ ಅಂತ.

ಗ್ರೀಸ್_ಕೈ
ಹಾಗೇ ಅಂದ್ಕೊಂಡಿದ್ದೆ. ಡೈರೆಕ್ಟ್ ವೈರ್ ಎಳೆಯುವಾಗ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿದ್ದಾರೆ. ಈ ಮೋಟರ್‌ಗಳು ಎರಡು ಕಡೆಗೂ ತಿರುಗುತ್ತವೆ, ಶಬ್ದ ಅದೇ, ನೋಡಿದವನಿಗೆ ಗೊತ್ತೇ ಆಗಲ್ಲ. ನಿಮ್ಮ ಗಾಡಿಯಲ್ಲಿ ಫ್ಯಾನ್ ಇರೋದು ರೇಡಿಯೇಟರ್ ಹಿಂದೆ, ಅದು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಈಗ ಇಂಜಿನ್ನಿನ ಬಿಸಿಗಾಳಿಯನ್ನೇ ಮುಂದಕ್ಕೆ ನೂಕ್ತಾ ಇದೆ. ಊರೊಳಗೆ ಲೋಡ್ ಇಲ್ಲ, ಅಷ್ಟು ಸಾಕಾಯ್ತು. ಏರಿನಲ್ಲಿ ಸೆಕೆಂಡ್ ಗೇರ್‌ನಲ್ಲಿ 25ರಲ್ಲಿ ಹೋಗ್ತಾ ಇದ್ದಾಗ ಎದುರಿಂದ ಬರುವ ಅಷ್ಟಿಷ್ಟು ಗಾಳಿಗೂ ಈ ಫ್ಯಾನೇ ಅಡ್ಡ. ಎರಡು ವೈರ್ ಬದಲಾಯಿಸಿ, ಐದು ನಿಮಿಷದ ಕೆಲಸ.

ಆದರೆ ಖುಷಿ ಪಡಬೇಡಿ. ಚಾರ್ಮಾಡಿಯಲ್ಲಿ ಕುದಿದಾಗ ಈ ಸ್ವಿಚ್ ಇರಲಿಲ್ಲ ಅಲ್ವಾ. ಮೊದಲಿನ ರೋಗ ಇನ್ನೂ ಒಳಗೇ ಇದೆ.

ಪದ್ಮಿನಿ_ಪ್ರಿಯ
ಅದೇ ನಾನು ಹೇಳಿದ್ದು, ಗ್ಯಾಸ್ಕೆಟ್.

ಘಟ್ಟದ_ಕೆಳಗಿನವ
ಪದ್ಮಿನಿಯವರೇ ನೀವು ಗ್ಯಾಸ್ಕೆಟ್ ಅಂಗಡಿ ಇಟ್ಟಿದ್ದೀರಾ ಮಾರಾಯ್ರೆ? 😄 ನಾನು ಪುತ್ತೂರಿನವ, ವಾರಕ್ಕೊಮ್ಮೆ ಶಿರಾಡಿ ಹತ್ತುವವ. ಹೆಡ್ ಇಳಿಸುವ ಮೊದಲು ಪುಕ್ಕಟೆ ಪರೀಕ್ಷೆ ಉಂಟು. ಬೆಳಿಗ್ಗೆ ಗಾಡಿ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ, ಬಾಯಿವರೆಗೆ ನೀರು ತುಂಬಿಸಿ, ಸ್ಟಾರ್ಟ್ ಮಾಡಿ. ಮೊದಲಿಗೆ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗಿನ ಗಾಳಿ. ನಿಲ್ಲದೆ, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿಯಾಗಿ ಗುಳುಗುಳು ಬಂದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಾ ಉಂಟು ಅಂತ ಲೆಕ್ಕ. ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಕೆನೆ ಕಟ್ಟಿದೆಯಾ ನೋಡಿ. ಮೂರು ಪ್ಲಗ್ಗೂ ಬಿಚ್ಚಿ, ಒಂದು ಮಾತ್ರ ತೊಳೆದ ಹಾಗೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗ್ತಾ ಉಂಟು. ಇನ್ನೂ ಸಂಶಯ ಇದ್ದರೆ ನೀಲಿ ದ್ರವದ ಕಿಟ್ ಸಿಗ್ತದೆ, ರೇಡಿಯೇಟರ್ ಬಾಯಿಗೆ ಇಟ್ಟು ಅಲ್ಲಿನ ಗಾಳಿ ಎಳೆಯುವುದು. ಪೆಟ್ರೋಲ್ ಗಾಡಿಯ ಹೊಗೆ ಸೇರಿದ್ದರೆ ನೀಲಿ ಹಳದಿ ಆಗ್ತದೆ.

ಒಂದು ಮಾತು, ದಯವಿಟ್ಟು ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ಗುಂಡ್ಯದಲ್ಲಿ ಒಮ್ಮೆ ಅವಸರಕ್ಕೆ ತಿರುಗಿಸಿದೆ. ನೀರು ಮೇಲೆ ಹಾರಿ ಮುಂಗೈ ಮೇಲೆ ಬಿತ್ತು. ಆ ಜಾಗದಲ್ಲಿ ಈಗಲೂ ಕೂದಲು ಬರುವುದಿಲ್ಲ.

ಮಲ್ನಾಡ್_ಮಳೆ
ಸುಮ್ನೆ ಗೊತ್ತಾಗಲಿ ಅಂತ ಕೇಳ್ತೀನಿ, ನೀರು 100 ಡಿಗ್ರಿಗೆ ಕುದಿಯುತ್ತೆ, ಇಂಜಿನ್ 90ರ ಆಸುಪಾಸಿನಲ್ಲೇ ಓಡುತ್ತೆ. ಹಾಗಾದ್ರೆ ಎಲ್ಲಾ ಗಾಡಿನೂ ಘಟ್ಟದಲ್ಲಿ ಕುದಿಯಬೇಕಲ್ವಾ?

ಗ್ರೀಸ್_ಕೈ
ಒಳ್ಳೇ ಪ್ರಶ್ನೆ. ಮನೆ ಕುಕ್ಕರ್ ನೆನಪು ಮಾಡ್ಕೊಳ್ಳಿ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಕುಕ್ಕರಿನ ವೆಯಿಟ್ ಇದ್ದ ಹಾಗೆ. ತಲೆ ಮೇಲೆ 0.9 ಅಂತ ಬರೆದಿದ್ದರೆ ಅಷ್ಟು ಒತ್ತಡ ಬರೋವರೆಗೆ ಬಿಡಲ್ಲ ಅಂತ. ಆ ಒತ್ತಡದಲ್ಲಿ ಬರೀ ನೀರೂ 118ರ ಹತ್ತಿರ ಹೋಗೋವರೆಗೆ ಕುದಿಯಲ್ಲ, ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಇನ್ನೂ ಮೇಲೆ. ಮುಚ್ಚಳದ ರಬ್ಬರ್ ಹರಿದರೆ ಒತ್ತಡ ನಿಲ್ಲಲ್ಲ, 100ಕ್ಕೇ ಕುದಿ. ಘಟ್ಟದ ಮೇಲೆ ಎತ್ತರ ಜಾಸ್ತಿ, ಅಲ್ಲಿ 100ಕ್ಕೂ ಮೊದಲೇ.

ಹಳೇಗಾಡಿಯವರೇ, ನಿಮ್ಮ ಕಾಲು ಲೀಟರ್ ನೀರು ಎಲ್ಲಿ ಹೋಯ್ತು ಅನ್ನೋದಕ್ಕೂ ಇದೇ ಉತ್ತರ ಇರಬಹುದು. ಬಿಸಿಯಾದಾಗ ನೀರು ಹಿಗ್ಗಿ ಪಕ್ಕದ ರಿಸರ್ವ್ ಡಬ್ಬಕ್ಕೆ ಹೋಗುತ್ತೆ, ತಣ್ಣಗಾದಾಗ ಮುಚ್ಚಳದ ನಡುವಿನ ಚಿಕ್ಕ ವಾಲ್ವ್ ಮೂಲಕ ವಾಪಸ್ ಬರಬೇಕು. ಆ ವಾಲ್ವ್ ಅಂಟಿಕೊಂಡಿದ್ದರೆ ಡಬ್ಬ ತುಂಬಿ ಹೊರಗೆ ಚೆಲ್ಲುತ್ತೆ, ರೇಡಿಯೇಟರ್ ಖಾಲಿ. ಓಡುವಾಗ ಚೆಲ್ಲಿದ್ದು ಮನೆ ನೆಲಕ್ಕೆ ಹೇಗೆ ಬೀಳುತ್ತೆ? ಬೆಳಿಗ್ಗೆ ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಪೈಪು) ನೋಡಿ. ಒಳಕ್ಕೆ ಚಪ್ಪಟೆ ಆಗಿದ್ದರೆ ವಾಲ್ವ್ ಕೆಟ್ಟಿದೆ. ಹೊಸ ಮುಚ್ಚಳ ತನ್ನಿ, ಅದೇ ನಂಬರ್ ಇರಲಿ, "ಜಾಸ್ತಿ ಇದ್ರೆ ಒಳ್ಳೇದು" ಅಂತ 1.3 ಹಾಕಿದರೆ ಹಳೇ ಹೋಸ್ ಸಿಡಿಯುತ್ತೆ.

ಟ್ಯಾಕ್ಸಿ_ರಾಜ
ಥರ್ಮೋಸ್ಟಾಟ್ ತೆಗೆದದ್ದರಲ್ಲಿ ಏನು ತಪ್ಪು? ನಾನು 15 ವರ್ಷ ತೆಗೆದೇ ಓಡಿಸಿದ್ದೀನಿ. ಏನೂ ಆಗಿಲ್ಲ.

ಗ್ರೀಸ್_ಕೈ
ರಾಜಣ್ಣ, ನಿಮಗೆ ಏನೂ ಆಗಿಲ್ಲ, ಇಂಜಿನ್ನಿಗೆ ಆಗಿರುತ್ತೆ. ಅದಿಲ್ಲದಿದ್ದರೆ ಇಂಜಿನ್ ಬಿಸಿ ಏರೋದು ತಡ, ಅಲ್ಲಿವರೆಗೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲ್‌ನಲ್ಲಿ ನೀರಿನ ಅಂಶ ಒಣಗಲ್ಲ, ಒಳಗೆ ಜಿಡ್ಡು ಕಟ್ಟುತ್ತೆ. ಥರ್ಮೋಸ್ಟಾಟ್ ತೆರೆಯದೆ ಸಿಕ್ಕಿಕೊಂಡಿದ್ದರೆ ತೆಗೆದಾಗ ಬಿಸಿ ಇಳಿಯುತ್ತೆ, ಅದು ನಿಜ. ಆದರೆ ಆಗ ಹೊಸದು ಹಾಕಬೇಕು. ಪರೀಕ್ಷೆನೂ ಸುಲಭ, ದಾರ ಕಟ್ಟಿ ಪಾತ್ರೆ ನೀರಿನಲ್ಲಿ ಇಳಿಬಿಟ್ಟು ಒಲೆ ಮೇಲೆ ಇಡಿ. 82 ಅಂತ ಬರೆದಿದ್ದರೆ ಅಷ್ಟು ಡಿಗ್ರಿ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ಕುದಿಯೋ ಹೊತ್ತಿಗೆ ಪೂರ್ತಿ. ಅಡುಗೆ ಪಾತ್ರೆ ಬೇಡ, ಹಳೇ ಡಬ್ಬ ತಗೊಳ್ಳಿ. ನನ್ನ ಮನೆಯಲ್ಲಿ ಈ ವಿಷಯಕ್ಕೆ ಜಗಳ ಆಗಿದೆ.

ಟ್ಯಾಕ್ಸಿ_ರಾಜ
ನಮ್ಮೂರ ಸೆಕೆಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಇರಲಿ ಬಿಡಿ.

ಹಳೇಗಾಡಿ_ತುಮಕೂರು
ಮೂರು ದಿನ ಆಯ್ತು, ವರದಿ ಒಪ್ಪಿಸ್ತೀನಿ. ಫ್ಯಾನ್ ವೈರ್ ಬದಲಾಯಿಸಿದೆ, ಈಗ ಪೇಪರ್ ಗ್ರಿಲ್‌ಗೆ ಅಂಟಿಕೊಂಡು ನಿಲ್ಲುತ್ತೆ. ಗುಳ್ಳೆ ಪರೀಕ್ಷೆ ಮಾಡಿದೆ, ಮೊದಲು ನಾಲ್ಕೈದು ಬಂತು, ಆಮೇಲೆ ನಿಂತೇ ಹೋಯ್ತು. ಆಯಿಲ್ ಮುಚ್ಚಳ ಸ್ವಚ್ಛ. ಮೂರೂ ಪ್ಲಗ್ ಒಂದೇ ಕಂದು ಬಣ್ಣ. ಬೆಳಿಗ್ಗೆ ಮೇಲಿನ ಹೋಸ್ ನೋಡಿದೆ, ಹೌದು, ಯಾರೋ ಹಿಂಡಿದ ಹಾಗೆ ಒಳಕ್ಕೆ ಹೋಗಿತ್ತು! ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಹೊಸದು 140 ರೂಪಾಯಿ, ಅದೇ 0.9.

ಮತ್ತೆ ದೇವರಾಯನದುರ್ಗ. ಈ ಸಲ ಮೇಲೆ ತನಕ ಹೋಯ್ತು, ಕುದಿಯಲಿಲ್ಲ. ಆದರೆ ಮುಳ್ಳು ಮುಕ್ಕಾಲಿಗೆ ಬಂದಿತ್ತು. ಚಾರ್ಮಾಡಿ ಇದಕ್ಕಿಂತ ಎಷ್ಟು ಉದ್ದ ಅಂತ ಗೊತ್ತಲ್ಲ.

ಘಟ್ಟದ_ಕೆಳಗಿನವ
ಮುಳ್ಳೇ ಸುಳ್ಳು ಹೇಳ್ತಾ ಇಲ್ಲ ಅಂತ ಖಾತ್ರಿ ಉಂಟಾ? ಹೆಡ್‌ಲೈಟ್ ಹಾಕಿ ನೋಡಿ. ಹಾಕಿದ ತಕ್ಷಣ ಮುಳ್ಳು ಕುಣಿದರೆ ಅರ್ತಿಂಗ್ ಸರಿ ಇಲ್ಲ ಅಂತ. ಬಿಸಿ ಅಳೆಯುವ ಗನ್ ಇದ್ದರೆ ಇನ್ನೂ ಒಳ್ಳೇದು.

ಗ್ರೀಸ್_ಕೈ
ಗನ್ ಇಲ್ಲದಿದ್ದರೆ ಕೈ ಇದೆ. ಇಂಜಿನ್ ಬಿಸಿ ಮಾಡಿ, *ಆರಿಸಿ*, ಫ್ಯಾನ್ ಸ್ವಿಚ್ಚೂ ಆಫ್ ಮಾಡಿ, ರೇಡಿಯೇಟರ್ ಮೇಲೆ ಅಂಗೈ ಹತ್ತಿರ ತಂದು ಈ ತುದಿಯಿಂದ ಆ ತುದಿಗೆ ಸವರಿ. ಎಲ್ಲಾ ಕಡೆ ಬಿಸಿ ಇರಬೇಕು. ನಡುವೆ ತಣ್ಣನೆ ಪಟ್ಟಿ ಸಿಕ್ಕಿದರೆ ಅಲ್ಲಿನ ಕೊಳವೆ ಬಂದ್. ಇನ್ನೊಂದು ಕೇಳ್ತೀನಿ, ಇಷ್ಟು ವರ್ಷ ಯಾವ ನೀರು ಹಾಕ್ತಿದ್ರಿ?

ಹಳೇಗಾಡಿ_ತುಮಕೂರು
ಹೆಡ್‌ಲೈಟ್ ಹಾಕಿದರೆ ಮುಳ್ಳು ಅಲ್ಲಾಡಲ್ಲ. ರೇಡಿಯೇಟರ್ ಸವರಿದೆ, ಒಂದು ಕಡೆ ಅಗಲಕ್ಕೆ ಒಂದು ಗೇಣು ಬರೀ ಉಗುರುಬೆಚ್ಚಗೆ, ಪಕ್ಕದಲ್ಲಿ ಕೈ ಇಡೋಕೆ ಆಗಲ್ಲ! ನೀರು... ಅಪ್ಪ ಯಾವಾಗಲೂ ಮನೆ ಬೋರ್‌ವೆಲ್ ನೀರೇ ಹಾಕ್ತಿದ್ದರು. ನಾನೂ ಅದನ್ನೇ.

ಗ್ರೀಸ್_ಕೈ
ಸಿಕ್ಕಿತು. ನಿಮ್ಮ ಕಡೆ ಬೋರ್ ನೀರಿನಲ್ಲಿ ಗೀಸರ್ ಕಾಯಿಲ್ ಏನಾಗುತ್ತೆ ಅಂತ ನೋಡಿದ್ದೀರಲ್ಲ? ಅದೇ ಬಿಳೀ ಹಿಟ್ಟು ಕೊಳವೆಯೊಳಗೆ ಕಟ್ಟಿದೆ. ಬಾಟಲಿಯಲ್ಲಿ ಸಿಗೋ ತೊಳೆಯುವ ದ್ರವಕ್ಕೆ ಇಷ್ಟು ಗಟ್ಟಿಯಾದದ್ದು ಹೋಗಲ್ಲ. ರೇಡಿಯೇಟರ್ ಕಳಚಿ, ರೇಡಿಯೇಟರ್ ಕೆಲಸ ಮಾತ್ರ ಮಾಡೋರ ಹತ್ತಿರ ಒಯ್ಯಿರಿ. ತಾಮ್ರ ಹಿತ್ತಾಳೆಯದಾದರೆ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಒಂದೊಂದು ಕೊಳವೆಗೂ ಕಡ್ಡಿ ಆಡಿಸಿ ಕ್ಲೀನ್ ಮಾಡ್ತಾರೆ. ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿಂದು ಆಗಿದ್ದರೆ ಕೈ ಮುಗಿದು ಹೊಸದು ತನ್ನಿ, ಬೆಂಗಳೂರು ಜೆಸಿ ರೋಡಿನಲ್ಲಿ ಕೇಳಿ ನೋಡಿ.

ಹಳೇಗಾಡಿ_ತುಮಕೂರು
ಇವತ್ತು ಪೂರ್ತಿ ರೇಡಿಯೇಟರ್ ಅಂಗಡಿಯಲ್ಲಿ ಕೂತಿದ್ದೆ. ನಮ್ಮ ಪುಣ್ಯ, ತಾಮ್ರದ್ದೇ. ಅಂಗಡಿಯ ಸಾಹೇಬ್ರು ವಯಸ್ಸಾದವರು, ಮಾತು ಕಮ್ಮಿ. ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕ್ ಎತ್ತಿದರು, ಕೆಳಗೆ ಸಾಲಾಗಿ ಚಪ್ಪಟೆ ಬಾಯಿಗಳು. ಮೂರರಲ್ಲಿ ಒಂದು ಭಾಗ ಸುಣ್ಣ ಮೆತ್ತಿದ ಹಾಗೆ ಮುಚ್ಚಿಹೋಗಿತ್ತು. ಮೂಲೆಯಲ್ಲಿ ಮಾತ್ರ ಬಿಳಿ ಅಲ್ಲ, ಸಾಸಿವೆ ಬಣ್ಣದ ಗಟ್ಟಿ ಉಂಡೆ. ಅವರು ಸ್ಕ್ರೂಡ್ರೈವರ್‌ನಲ್ಲಿ ಕೆರೆದು ನನ್ನ ಕೈಗೆ ಹಾಕಿ, "ಯಾರು ಅರಿಶಿನ ಹಾಕಿದ್ದು?" ಅಂತ ಕೇಳಿದರು.

ಅಮ್ಮನಿಗೆ ಫೋನ್ ಮಾಡಿದೆ. ಒಂದು ನಿಮಿಷ ಸುಮ್ಮನಿದ್ದು ನಗೋಕೆ ಶುರು ಮಾಡಿದರು. ನಾನು ಹೈಸ್ಕೂಲಿನಲ್ಲಿದ್ದಾಗ ತಿರುಪತಿಗೆ ಹೋಗೋ ದಾರಿಯಲ್ಲಿ ರೇಡಿಯೇಟರ್ ಸೋರಿತ್ತಂತೆ. ಯಾರೋ ಲಾರಿ ಡ್ರೈವರ್ ಹೇಳಿದ ಅಂತ ಅಪ್ಪ ಅಮ್ಮನ ಬುತ್ತಿ ಚೀಲದಲ್ಲಿದ್ದ ಅರಿಶಿನ ಪುಡಿ ಪೊಟ್ಟಣ ಪೂರ್ತಿ ಸುರಿದಿದ್ದರಂತೆ. ಸೋರೋದು ನಿಂತೇ ಹೋಯ್ತಂತೆ. ಆಮೇಲೆ ಯಾರೂ ಅದನ್ನ ತೆಗೆಸಲೇ ಇಲ್ಲ.

ತೆಳು ಉಕ್ಕಿನ ಪಟ್ಟಿ ಒಂದೊಂದು ಕೊಳವೆಗೂ ಮೇಲಿಂದ ಕೆಳಗೆ ಆಡಿಸಿದರು, ಕೆಳಗೆ ಬಿಳೀ ಪುಡಿ ಉದುರ್ತಾನೇ ಇತ್ತು. ಮತ್ತೆ ಬೆಸೆದು, ಬಾಯಿ ಮುಚ್ಚಿ, ಪಂಕ್ಚರ್ ಅಂಗಡಿ ಥರ ತೊಟ್ಟಿ ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟರು. ಎರಡು ಕಡೆ ಗುಳ್ಳೆ ಬಂತು, ಅರಿಶಿನ ಮುಚ್ಚಿದ್ದ ಹಳೇ ತೂತೂ ಸೇರಿ. ಅದನ್ನೂ ಬೆಸೆದರು. 1,100 ರೂಪಾಯಿ.

ಘಟ್ಟದ_ಕೆಳಗಿನವ
ಅರಿಶಿನದ ಕಥೆ ಕೇಳಿ ನಕ್ಕು ನಕ್ಕು ಸಾಕಾಯ್ತು. ನಿಮ್ಮ ತಂದೆಯದ್ದು ತಪ್ಪಲ್ಲ ಮಾರಾಯ್ರೆ, ದಾರಿ ಮಧ್ಯೆ ಅದು ಊರು ಮುಟ್ಟಿಸ್ತದೆ.

ಗ್ರೀಸ್_ಕೈ
ಈಗ ತುಂಬಿಸುವಾಗ ಅವಸರ ಬೇಡ. ಥರ್ಮೋಸ್ಟಾಟ್ ಹೊಸದು ಹಾಕಿ, ಅದರ ಗ್ಯಾಸ್ಕೆಟ್ಟೂ ಹೊಸದು. ಗಾಡಿಯ ಮೂತಿ ಏರಿನ ಕಡೆ ಇರುವಂತೆ ನಿಲ್ಲಿಸಿ. ರೆಡಿ ಮಿಕ್ಸ್ ಕೂಲೆಂಟ್ ಆದರೆ ಹಾಗೇ, ಗಟ್ಟಿಯದಾದರೆ ಬ್ಯಾಟರಿಗೆ ಹಾಕುವ ನೀರಿನ ಜೊತೆ ಅರ್ಧಕ್ಕರ್ಧ. ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಆಗಾಗ ಹಿಂಡ್ತಾ ಇರಿ, ಮಟ್ಟ ಇಳಿದಂತೆ ತುಂಬಿಸಿ. ಹೋಸ್ ಇದ್ದಕ್ಕಿದ್ದಂತೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಅಂತ. ಗುಳ್ಳೆ ನಿಂತ ಮೇಲೆ ಮುಚ್ಚಿ. ವಾಟರ್ ಪಂಪ್ ತಿರುಗಿಸೋ ಬೆಲ್ಟ್ ಸಡಿಲ ಇದೆಯಾ, ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಕೊಡೋ ಹೊತ್ತು) ಹಿಂದೆ ಬಿದ್ದಿದೆಯಾ ಅದನ್ನೂ ಒಮ್ಮೆ ನೋಡಿಸಿ. ಆ ಡ್ಯಾಶ್‌ಬೋರ್ಡ್ ಸ್ವಿಚ್ ಕಿತ್ತು ಫ್ಯಾನಿಗೆ ಮೊದಲಿನ ಥರ್ಮೋ ಸ್ವಿಚ್ಚೇ ಕೊಡಿ, ಒಂದು ದಿನ ಮರೀತೀರಾ.

ಹಳೇ ಕೂಲೆಂಟ್ ಅಂಗಳದಲ್ಲಿ ಚೆಲ್ಲಬೇಡಿ. ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಸಾಯುತ್ತೆ.

ಮಲ್ನಾಡ್_ಮಳೆ
ದಾರಿಯಲ್ಲಿ ಮುಳ್ಳು ಏರ್ತಾ ಇದ್ದರೆ ತಕ್ಷಣ ಏನು ಮಾಡಬೇಕು? ಗಾಡಿ ಆಫ್ ಮಾಡಬೇಕೋ ಬೇಡವೋ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಘಟ್ಟದ_ಕೆಳಗಿನವ
ಎಸಿ ಇದ್ದರೆ ಬಂದ್. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ, ಅದೂ ಒಂದು ಚಿಕ್ಕ ರೇಡಿಯೇಟರ್. ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಮುಳ್ಳು ಏರಿದೆ, ಹಬೆ ಇಲ್ಲ, ಫ್ಯಾನ್ ತಿರುಗ್ತಾ ಉಂಟು ಅಂದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಬಹುದು. ಹಬೆ ಬಂದರೆ, ಮುಳ್ಳು ಕೆಂಪಿಗೆ ಮುಟ್ಟಿದರೆ ಆಫ್. ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಅಲ್ಯೂಮಿನಿಯಂ, ಸೊಟ್ಟ ಆಗ್ತದೆ. ಆಗ ಪದ್ಮಿನಿಯವರು ಹೇಳಿದ್ದೇ ಸತ್ಯ ಆಗ್ತದೆ.

ಪದ್ಮಿನಿ_ಪ್ರಿಯ
😄 ಸರಿ ಸರಿ, ಸೋತೆ.

ಹಳೇಗಾಡಿ_ತುಮಕೂರು
ಹನ್ನೆರಡು ದಿನ ಆಯ್ತು, ನೀರು ಒಂದು ಬೆರಳೂ ಇಳಿದಿಲ್ಲ. ರೇಡಿಯೇಟರ್ ಮೊದಲಿಗಿಂತ ಸ್ವಲ್ಪ ಜಾಸ್ತಿನೇ ಕೂಲೆಂಟ್ ಹಿಡೀತು. ಬೆಲ್ಟ್ ಸಡಿಲ ಇತ್ತು, ಬಿಗಿ ಮಾಡಿಸಿದೆ. ನಿನ್ನೆ ಅಮ್ಮನ್ನೂ ಕೂರಿಸಿಕೊಂಡು ಮತ್ತೆ ಧರ್ಮಸ್ಥಳ. ಬರುವಾಗ ಚಾರ್ಮಾಡಿ, ನಾಲ್ಕು ಜನ, ಡಿಕ್ಕಿ ತುಂಬಾ ತೆಂಗಿನಕಾಯಿ. ಎದುರಿಗೆ ಒಂದು ಲಾರಿ ಆಮೆ ಥರ ಹೋಗ್ತಿತ್ತು, ಫಸ್ಟ್ ಗೇರ್, ಸೆಕೆಂಡ್ ಗೇರ್. ನಾನು ರಸ್ತೆಗಿಂತ ಮುಳ್ಳನ್ನೇ ಜಾಸ್ತಿ ನೋಡ್ತಿದ್ದೆ, ಹೆಂಡತಿ ಎರಡು ಸಲ ಬೈದಳು. ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೆ ಹೋಗುತ್ತೆ, ಫ್ಯಾನ್ ತಾನಾಗೇ ಶುರು ಆಗುತ್ತೆ, ಇಳಿಯುತ್ತೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರ್‌ದೋಸೆ ತಿಂದ್ವಿ. ಅಮ್ಮ ಪರ್ಸಿನಿಂದ ಒಂದು ಅರಿಶಿನ ಪೊಟ್ಟಣ ತೆಗೆದು ಟೇಬಲ್ ಮೇಲಿಟ್ಟರು, "ಇರಲಿ ಅಂತ ತಂದಿದ್ದೆ" ಅಂತ.

ಟ್ಯಾಕ್ಸಿ_ರಾಜ
ಥರ್ಮೋಸ್ಟಾಟ್ ಹಾಕಿದ್ರಾ?

ಹಳೇಗಾಡಿ_ತುಮಕೂರು
ಹಾಕಿದೆ ರಾಜಣ್ಣ. 82ರದ್ದು. ಹಳೇ ಡಬ್ಬದಲ್ಲಿ ಕುದಿಸಿ ನೋಡಿಯೇ ಹಾಕಿದ್ದು.